ಬೇಡ ಎನ್ನುವ ಹಕ್ಕು ಯಾರ ಕೈಯಲ್ಲಿದೆ?

ಅಮೆರಿಕದ ಅಯೋವಾ ರಾಜ್ಯದಲ್ಲಿ ನ್ಯೂಟನ್ ಅಂತ ಒಂದು ಊರಿದೆ. ಅಲ್ಲಿನ ಜೈಲಿನಲ್ಲಿ ‘ಯೂನಿಟ್ ಇ’ ಎಂಬ ವಿಭಾಗವೊಂದಿತ್ತು. ಈ ವಿಭಾಗದ ಕೋಣೆಗಳಿಗೆ ಮರದ ಬಾಗಿಲು. ಕೀಲಿ ಕೈದಿಯ ಹತ್ತಿರವೇ ಇರುತ್ತಿತ್ತು. ಶೌಚಕ್ಕೆ ಹೋದರೆ ಮರೆ ಇತ್ತು. ಹೊರಗಿರುವ ನಮಗೆ ಇದೇನೂ ದೊಡ್ಡ ವಿಷಯ ಅನ್ನಿಸುವುದಿಲ್ಲ. ಆದರೆ ವರ್ಷಗಟ್ಟಲೆ ಇನ್ನೊಬ್ಬರ ಕಣ್ಣೆದುರೇ ಶೌಚ ಮಾಡಿದ ಮನುಷ್ಯನಿಗೆ ಮರೆ ಎಂದರೆ ಮರ್ಯಾದೆ. ಒಳ್ಳೆಯ ನಡತೆಯ ಕೈದಿಗಳಿಗಾಗಿ ಇದ್ದ ವಿಭಾಗ ಅದು.

1999ರಲ್ಲಿ ಆ ವಿಭಾಗವನ್ನು ‘ಇನ್ನರ್‌ಚೇಂಜ್’ ಎಂಬ ಕಾರ್ಯಕ್ರಮಕ್ಕೆ ಬಿಟ್ಟುಕೊಟ್ಟರು. ಅದನ್ನು ನಡೆಸಿದ್ದು ‘ಪ್ರಿಸನ್ ಫೆಲೋಶಿಪ್’ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಜೊತೆಗಿದ್ದ ಬಳಗ. ಪ್ರಿಸನ್ ಫೆಲೋಶಿಪ್ ಕಟ್ಟಿದವರು ಚಾರ್ಲ್ಸ್ ಕೋಲ್ಸನ್. ಅಧ್ಯಕ್ಷ ನಿಕ್ಸನ್‌ಗೆ ಬಲಗೈಯಂತಿದ್ದವರು, ನಿಕ್ಸನ್ ಸರ್ಕಾರವನ್ನೇ ಅಲುಗಿಸಿದ ವಾಟರ್‌ಗೇಟ್ ಹಗರಣದ ಕಾಲದಲ್ಲಿ ತಪ್ಪೊಪ್ಪಿಕೊಂಡು ಸ್ವತಃ ಜೈಲು ಕಂಡವರು. ಹೊರಗೆ ಬಂದು 1976ರಲ್ಲಿ ಕೈದಿಗಳಿಗಾಗಿ ಈ ಸಂಸ್ಥೆ ಶುರು ಮಾಡಿದರು. ಅವರ ಕಾಳಜಿ ಸುಳ್ಳಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಬಿಡುಗಡೆಯಾಗುವ ಮನುಷ್ಯನ ಕೈಹಿಡಿದು, ಕೆಲಸ ಹುಡುಕಿಕೊಟ್ಟು, ಜೊತೆಗೆ ನಿಲ್ಲುವವರು ಎಷ್ಟು ಜನ ಇರುತ್ತಾರೆ?

ಆದರೆ ಯೂನಿಟ್ ಇ ಒಳಗೆ ಬೆಳಗಿನಿಂದ ರಾತ್ರಿವರೆಗೆ ನಡೆಯುತ್ತಿದ್ದದ್ದು ಇವ್ಯಾಂಜೆಲಿಕಲ್ ಪಂಥದ ಬೈಬಲ್ ಪಾಠ, ಪ್ರಾರ್ಥನೆ, ಆರಾಧನೆ. ಬೇರೆ ನಂಬಿಕೆಯವರು ಬರಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಬಂದರೆ ಕಲಿಯಬೇಕಾದದ್ದು ಮಾತ್ರ ಇದನ್ನೇ. ಪೆರೋಲ್ ಸಿಗಲು ಬೇಕಾದ ತರಗತಿಗಳು ಹೊರಗಿನ ಕೈದಿಗಳಿಗಿಂತ ಇಲ್ಲಿದ್ದವರಿಗೆ ಬೇಗ ಸಿಗುತ್ತಿದ್ದವು. ಮರದ ಬಾಗಿಲು, ಮರೆ ಇರುವ ಶೌಚಾಲಯ, ಬೇಗ ಮನೆಗೆ ಹೋಗುವ ಆಸೆ. ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ ನಿಮ್ಮ ಸ್ವಂತ ನಂಬಿಕೆ. ಆರಿಸಿಕೊಳ್ಳಿ ಅಂದರೆ ಹೇಗೆ ಆರಿಸಿಕೊಳ್ಳುವುದು?

ಖರ್ಚಿನ ಒಂದು ಭಾಗ ಸರ್ಕಾರದ್ದು. ಅದು ಎಲ್ಲಿಂದ ಬಂತು ಅನ್ನುವುದೇ ನನ್ನನ್ನು ಇವತ್ತಿಗೂ ಕಾಡುವ ವಿಷಯ. ಕೈದಿಗಳು ಮನೆಗೆ ಫೋನ್ ಮಾಡುತ್ತಾರಲ್ಲ, ಆ ಕರೆಗಳ ಮೇಲೆ ಬರುವ ಹಣ ಒಂದು ನಿಧಿಗೆ ಸೇರುತ್ತಿತ್ತು. ಮೊದಲ ವರ್ಷಗಳಲ್ಲಿ ಶಾಸನಸಭೆ ಆ ನಿಧಿಯಿಂದಲೇ ಇನ್ನರ್‌ಚೇಂಜ್‌ಗೆ ದುಡ್ಡು ತೆಗೆದುಕೊಟ್ಟಿತು. ಅಂದರೆ ಮುಸ್ಲಿಂ ಕೈದಿಯ ತಾಯಿ ಮಗನ ಜೊತೆ ಮಾತಾಡಿದರೂ, ನಾಸ್ತಿಕ ಕೈದಿಯ ಹೆಂಡತಿ ಗಂಡನ ದನಿ ಕೇಳಿದರೂ, ಅದರಿಂದ ಸ್ವಲ್ಪ ದುಡ್ಡು ಆ ಬೈಬಲ್ ಪಾಠಕ್ಕೆ ಹೋಯಿತು. ಅವರನ್ನು ಯಾರೂ ಕೇಳಲಿಲ್ಲ.

ಕೆಲವು ಕೈದಿಗಳು, ಅವರ ಕಡೆಯವರು, ಜೊತೆಗೆ ಚರ್ಚು, ಸರ್ಕಾರ ಬೇರೆ ಬೇರೆ ಇರಬೇಕು ಎನ್ನುವ ‘ಅಮೆರಿಕನ್ಸ್ ಯುನೈಟೆಡ್’ ಎಂಬ ಸಂಘಟನೆ ಸೇರಿ ಕೋರ್ಟಿಗೆ ಹೋದರು. 2006ರ ಜೂನ್‌ನಲ್ಲಿ ನ್ಯಾಯಾಧೀಶ ರಾಬರ್ಟ್ ಪ್ರ್ಯಾಟ್ ತೀರ್ಪು ಕೊಟ್ಟರು. ಇದು ಸಂವಿಧಾನಕ್ಕೆ ವಿರುದ್ಧ, ನಿಲ್ಲಿಸಿ, ಪಡೆದ ಸುಮಾರು 15 ಲಕ್ಷ ಡಾಲರ್ ವಾಪಸ್ ಕೊಡಿ ಅಂದರು. ಮೇಲ್ಮನವಿ ಕೇಳಿದ ಮೂವರ ಪೀಠದಲ್ಲಿ ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿದ್ದ ಸ್ಯಾಂಡ್ರಾ ಡೇ ಓಕಾನರ್ ಕೂಡ ಕೂತಿದ್ದರು. 2007ರ ಡಿಸೆಂಬರ್‌ನಲ್ಲಿ ಬಂದ ಆ ತೀರ್ಪು ಮೊದಲ ತೀರ್ಪಿನ ತಿರುಳನ್ನು ಒಪ್ಪಿತು. ಮೊದಲ ತೀರ್ಪಿಗಿಂತ ಹಿಂದೆ ಪಡೆದ ದುಡ್ಡನ್ನು ಮಾತ್ರ ಹಿಂತಿರುಗಿಸಬೇಕಿಲ್ಲ ಅಂದಿತು. 2008ರಲ್ಲಿ ನ್ಯೂಟನ್‌ನಲ್ಲಿ ಕಾರ್ಯಕ್ರಮ ಮುಚ್ಚಿತು.

‘ಅಲ್ರೀ, ಕೈದಿ ಸುಧಾರಿಸಿದರೆ ಸಾಕಲ್ವಾ? ಬೈಬಲ್ ಓದಿ ಸುಧಾರಿಸಿದರೇನು, ಮತ್ತೇನು ಓದಿ ಸುಧಾರಿಸಿದರೇನು?’ ಅಂತ ಕೇಳುವವರಿದ್ದಾರೆ. ಟೆಕ್ಸಸ್‌ನಲ್ಲಿ ಇದೇ ಕಾರ್ಯಕ್ರಮದ ಮೇಲೆ ಒಂದು ಅಧ್ಯಯನ ನಡೆದಿತ್ತು. ಪೂರ್ತಿ ಮುಗಿಸಿದವರು ಮತ್ತೆ ಜೈಲಿಗೆ ಬರುವುದು ಕಡಿಮೆ ಅಂತ 2003ರಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಸೇರಿ ಅರ್ಧಕ್ಕೆ ಬಿಟ್ಟವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಲಾಭ ಉಳಿಯಲಿಲ್ಲ. ಲಾಭ ಇದ್ದಿದ್ದರೂ ನನ್ನ ಮಾತು ಬದಲಾಗುತ್ತಿರಲಿಲ್ಲ. ಜೈಲು ಅಂದರೆ ಸರ್ಕಾರ ಮನುಷ್ಯನನ್ನು ಪೂರ್ತಿ ತನ್ನ ಕೈಯಲ್ಲಿ ಇಟ್ಟುಕೊಂಡಿರುವ ಜಾಗ. ಅಲ್ಲಿ ಬೇಡ ಅನ್ನಲು ಧೈರ್ಯ ಬೇಕು, ಅದಕ್ಕೆ ಬೆಲೆಯನ್ನೂ ತೆರಬೇಕು. ಹಾಗಿರುವಾಗ ಒಪ್ಪಿಗೆಗೆ ಅರ್ಥವೇ ಇರುವುದಿಲ್ಲ.

ಚರ್ಚು ಬೇರೆ, ಸರ್ಕಾರ ಬೇರೆ ಎಂಬ ಮಾತು ದೇವರನ್ನು ನಂಬದವರ ಕಿತಾಪತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನಿರುವ ಓಹಿಯೋದಲ್ಲೂ ಹಾಗನ್ನುವವರು ಸಿಗುತ್ತಾರೆ. ಇತಿಹಾಸ ನೋಡಿದರೆ ಆ ಮಾತಿಗಾಗಿ ಜೋರಾಗಿ ಕೂಗಿದವರು ಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದವರು. ಕಟ್ಟಾ ನಂಬಿಕಸ್ಥರು. 18ನೇ ಶತಮಾನದ ವರ್ಜೀನಿಯಾದಲ್ಲಿ ಲೈಸೆನ್ಸ್ ಇಲ್ಲದೆ ಉಪದೇಶ ಮಾಡಿದರು ಅಂತ ಅವರ ಪಾದ್ರಿಗಳನ್ನು ಜೈಲಿಗೆ ಹಾಕುತ್ತಿದ್ದರು. ಕನೆಕ್ಟಿಕಟ್‌ನಲ್ಲಿ ಇನ್ನೊಂದು ಥರ. ಅಲ್ಲಿ ಕಾಂಗ್ರಿಗೇಶನಲ್ ಚರ್ಚಿಗೆ ಎಲ್ಲರೂ ತೆರಿಗೆ ಕಟ್ಟಬೇಕು. ಬ್ಯಾಪ್ಟಿಸ್ಟ್ ಆಗಿದ್ದರೆ ‘ನಾನು ಬೇರೆ ಚರ್ಚಿನವನು’ ಅಂತ ಸರ್ಟಿಫಿಕೇಟು ತಂದು ತೋರಿಸಿ ವಿನಾಯಿತಿ ಪಡೆಯಬೇಕು. ತನ್ನ ದೇವರನ್ನು ಪೂಜಿಸಲು ಇನ್ನೊಬ್ಬರ ದೇವರ ಆಫೀಸಿನಲ್ಲಿ ಕ್ಯೂ ನಿಲ್ಲಬೇಕು ಅಂದ ಹಾಗೆ.

1801ರಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು ಅಧ್ಯಕ್ಷ ಜೆಫರ್ಸನ್‌ಗೆ ಕಾಗದ ಬರೆದರು. ನಮಗಿರುವ ಸ್ವಾತಂತ್ರ್ಯ ನಮ್ಮ ಹಕ್ಕಲ್ಲ, ಸರ್ಕಾರ ಕೃಪೆಯಿಂದ ಕೊಟ್ಟದ್ದು ಅಂತ ಇಲ್ಲಿ ನಡೆಸಿಕೊಳ್ಳುತ್ತಾರೆ ಎನ್ನುವುದು ಅವರ ದೂರು. 1802ರ ಜನವರಿ 1ರಂದು ಜೆಫರ್ಸನ್ ಬರೆದ ಉತ್ತರದಲ್ಲೇ ಚರ್ಚಿಗೂ ಸರ್ಕಾರಕ್ಕೂ ನಡುವಿನ ಗೋಡೆಯ ಮಾತು ಬರುತ್ತದೆ. ಅದೇ ದಿನ ಇನ್ನೊಂದು ಸಂಗತಿಯೂ ನಡೆಯಿತು. ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಊರಿನಿಂದ ಜಾನ್ ಲೀಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಉಪದೇಶಕ ಒಂದು ಚೀಸ್ ತಂದು ಜೆಫರ್ಸನ್‌ಗೆ ಒಪ್ಪಿಸಿದರು. ಊರಿನ ಹೆಂಗಸರೆಲ್ಲ ಹಾಲು ಸೇರಿಸಿ ಮಾಡಿದ್ದು, 1,235 ಪೌಂಡ್ ತೂಕ, ಅಂದರೆ ಸುಮಾರು 560 ಕೆ.ಜಿ. ಧರ್ಮವನ್ನು ಸರ್ಕಾರದ ಹಿಡಿತದಿಂದ ಬಿಡಿಸಲು ನಿಂತವನಿಗೆ ಧರ್ಮಭಕ್ತರು ಕೊಟ್ಟ ಉಡುಗೊರೆ. ಜೆಫರ್ಸನ್ ಅದನ್ನು ಸುಮ್ಮನೆ ತೆಗೆದುಕೊಳ್ಳಲಿಲ್ಲ. 200 ಡಾಲರ್ ಕೊಟ್ಟರು. ಎರಡು ದಿನ ಬಿಟ್ಟು ಲೀಲ್ಯಾಂಡ್‌ರ ಪ್ರವಚನಕ್ಕೂ ಹೋಗಿ ಕೂತರು. ಪ್ರವಚನ ನಡೆದದ್ದು ಸಂಸತ್ತಿನ ಕೆಳಮನೆಯಲ್ಲಿ. ಗೋಡೆ ಕಟ್ಟಿದ ದಿನದಿಂದಲೂ ಅದು ನೇರವಾಗಿ ನಿಂತಿಲ್ಲ ನೋಡಿ.

ದುಡ್ಡಿನ ವಿಷಯದಲ್ಲಿ ಜೆಫರ್ಸನ್‌ಗಿಂತ ನನಗೆ, ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್ ಹೆಚ್ಚು ಹತ್ತಿರ. ವರ್ಜೀನಿಯಾದಲ್ಲಿ ಅಲ್ಲಿನ ನಾಯಕ ಪ್ಯಾಟ್ರಿಕ್ ಹೆನ್ರಿ 1784ರಲ್ಲಿ ಒಂದು ಮಸೂದೆ ತಂದಿದ್ದರು. ಕ್ರೈಸ್ತ ಬೋಧಕರನ್ನು ಸಾಕಲು ಎಲ್ಲರೂ ತೆರಿಗೆ ಕಟ್ಟಬೇಕು. ಆದರೆ ನಿಮ್ಮ ದುಡ್ಡು ಯಾವ ಚರ್ಚಿಗೆ ಹೋಗಬೇಕು ಅಂತ ನೀವೇ ಹೇಳಬಹುದು. ಎಷ್ಟು ಉದಾರವಾಗಿ ಕಾಣುತ್ತದೆ ಅಲ್ವಾ? ಮ್ಯಾಡಿಸನ್ ಒಪ್ಪಲಿಲ್ಲ. 1785ರ ಅವರ ಮನವಿಪತ್ರದ ವಾದ ಇದು: ಧರ್ಮವೊಂದನ್ನು ಸಾಕಲು ಇವತ್ತು ಬರೀ ಮೂರು ಪೆನ್ಸ್ ಕೊಡು ಅಂತ ಬಲವಂತ ಮಾಡಬಲ್ಲ ಸರ್ಕಾರ, ನಾಳೆ ಇಂಥದ್ದೇ ನಂಬು ಅಂತಲೂ ಬಲವಂತ ಮಾಡಬಲ್ಲದು. ಮಸೂದೆ ಬಿದ್ದುಹೋಯಿತು. 1786ರಲ್ಲಿ ಜೆಫರ್ಸನ್ ಬರೆದಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಅಲ್ಲಿ ಜಾರಿಗೆ ಬಂತು.

ಇದೇ ಮ್ಯಾಡಿಸನ್ ಅಧ್ಯಕ್ಷರಾದಾಗ 1811ರಲ್ಲಿ ಒಂದು ಮಸೂದೆ ಮೇಜಿಗೆ ಬಂತು. ವಾಷಿಂಗ್ಟನ್ ಪಕ್ಕದ ಅಲೆಕ್ಸಾಂಡ್ರಿಯಾದಲ್ಲಿದ್ದ, ಎಪಿಸ್ಕೋಪಲ್ ಎಂಬ ಕ್ರೈಸ್ತ ಪಂಥದ ಚರ್ಚಿಗೆ ಕಾನೂನಿನ ಮಾನ್ಯತೆ ಕೊಡುವುದು ಅದರ ಉದ್ದೇಶ. ಬಡವರನ್ನು ನೋಡಿಕೊಳ್ಳುವ, ಬಡ ಮಕ್ಕಳಿಗೆ ಪಾಠ ಹೇಳುವ ಅಧಿಕಾರವೂ ಅದರಲ್ಲಿತ್ತು. ಮ್ಯಾಡಿಸನ್ ವೀಟೋ ಮಾಡಿದರು. ಬಡವರಿಗೆ ಊಟ ಹಾಕಬೇಡಿ ಅಂತಲ್ಲ. ಅದನ್ನು ಮಾಡಲು ಚರ್ಚಿಗೆ ಸರ್ಕಾರದ ಅಪ್ಪಣೆ ಯಾಕೆ ಬೇಕು? ಸಾರ್ವಜನಿಕ ಕರ್ತವ್ಯವನ್ನು ಕಾನೂನಿನ ಮೂಲಕ ಒಂದು ಧಾರ್ಮಿಕ ಸಂಸ್ಥೆಯ ಕೈಗೆ ಒಪ್ಪಿಸುವುದಕ್ಕೆ ಇದೇ ಮೊದಲ ಮೆಟ್ಟಿಲಾಗುತ್ತದೆ ಅನ್ನುವುದು ಅವರ ಅಂಜಿಕೆ. ಇನ್ನೂರು ವರ್ಷದ ಹಿಂದೆಯೇ ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದರು ಅಂದರೆ ಆಶ್ಚರ್ಯವಾಗುತ್ತದೆ.

ಆದರೆ ದೇಶ ಮ್ಯಾಡಿಸನ್ ಹೇಳಿದಂತೆ ನಡೆಯಲಿಲ್ಲ. ಕ್ಯಾಥೊಲಿಕ್ ಸಿಸ್ಟರುಗಳು ನಡೆಸುತ್ತಿದ್ದ ವಾಷಿಂಗ್ಟನ್‌ನ ಪ್ರಾವಿಡೆನ್ಸ್ ಆಸ್ಪತ್ರೆಗೆ ಸರ್ಕಾರ ಹಣ ಕೊಡಬಹುದು ಅಂತ 1899ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಕ್ಯಾಥೊಲಿಕ್ ಚಾರಿಟೀಸ್, ಲುಥೆರನ್ನರ ಸೇವಾ ಸಂಸ್ಥೆಗಳು ದಶಕಗಳಿಂದ ಸರ್ಕಾರದ ದುಡ್ಡಿನಲ್ಲಿ ವೃದ್ಧಾಶ್ರಮ, ಅನಾಥಾಲಯ ನಡೆಸುತ್ತಾ ಬಂದಿವೆ. ಒಂದೇ ಕರಾರು, ಧರ್ಮದ ಕೆಲಸ ಬೇರೆ ಇಡಬೇಕು. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಕಾಯ್ದೆಯಲ್ಲಿ ‘ಚಾರಿಟಬಲ್ ಚಾಯ್ಸ್’ ಎಂಬ ಭಾಗ ಬಂತು. ಚರ್ಚುಗಳು ತಮ್ಮ ಧಾರ್ಮಿಕ ಗುರುತು ಮರೆಮಾಡದೆಯೇ ಸರ್ಕಾರದ ಗುತ್ತಿಗೆ ಪಡೆಯಬಹುದು ಅಂತಾಯಿತು. 2001ರ ಜನವರಿಯಲ್ಲಿ ಬುಷ್ ಶ್ವೇತಭವನದಲ್ಲೇ ಇದಕ್ಕೊಂದು ಕಚೇರಿ ತೆರೆದರು. ಆಮೇಲೆ ಬಂದ ಒಬಾಮಾ ಹೆಸರು ಬದಲಿಸಿದರು, ಕಚೇರಿ ಮುಚ್ಚಲಿಲ್ಲ. ಪಕ್ಷ ಯಾವುದೇ ಇರಲಿ, ಈ ಕಚೇರಿ ಎಲ್ಲರಿಗೂ ಬೇಕು.

ನಾನು ಶನಿವಾರಗಳಂದು ನಮ್ಮೂರಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಫುಡ್ ಪ್ಯಾಂಟ್ರಿ ಕೆಲಸಕ್ಕೆ ಹೋಗುತ್ತೇನೆ. ಕೈಲಾಗದವರು ಬಂದು ದಿನಸಿ ತೆಗೆದುಕೊಂಡು ಹೋಗುವ ಜಾಗ. ಕಪಾಟಿನಲ್ಲಿರುವ ಬೀನ್ಸ್, ಪೀನಟ್ ಬಟರ್, ಡಬ್ಬಿ ತರಕಾರಿಯಲ್ಲಿ ಒಂದಷ್ಟು ಕೇಂದ್ರ ಕೃಷಿ ಇಲಾಖೆಯದ್ದು. ಹಾಗಾಗಿ ಗೋಡೆಯ ಮೇಲೆ ಇಲಾಖೆಯ ದೊಡ್ಡ ಪೋಸ್ಟರು ಇರಲೇಬೇಕು. ಇಲ್ಲಿ ಯಾರಿಗೂ ತಾರತಮ್ಯ ಮಾಡುವಂತಿಲ್ಲ, ಮಾಡಿದರೆ ಇಲ್ಲಿಗೆ ದೂರು ಕೊಡಿ ಅಂತ. ಪ್ರಾರ್ಥನೆ ಮಾಡಿದರೆ ಮಾತ್ರ ದಿನಸಿ ಅನ್ನುವಂತಿಲ್ಲ. ಪ್ರಾರ್ಥನೆ ಮಾಡುವುದಿದ್ದರೆ ಬೇರೆ ಹೊತ್ತು ಅಥವಾ ಬೇರೆ ಜಾಗ.

ನಿಯಮ ಗೋಡೆಯ ಮೇಲಿತ್ತು. ಆದರೆ ನಮ್ಮ ಜೊತೆ ಕೆಲಸ ಮಾಡುವ ಒಬ್ಬ ವಯಸ್ಸಾದ ಅಮ್ಮ, ನಿಜಕ್ಕೂ ಒಳ್ಳೆಯ ಮನಸ್ಸಿನವರು, ಚೀಲ ಕೊಡುವ ಮೊದಲು ಬಂದವರ ಎರಡೂ ಕೈ ಹಿಡಿದುಕೊಂಡು ಪ್ರಾರ್ಥನೆ ಮಾಡಿಬಿಡುತ್ತಿದ್ದರು. ಯಾರೂ ಬೇಡ ಅಂದದ್ದನ್ನು ನಾನು ನೋಡಿಲ್ಲ. ಒಂದು ದಿನ ತಲೆಗೆ ವಸ್ತ್ರ ಸುತ್ತಿದ್ದ ಒಬ್ಬ ಹೆಣ್ಣುಮಗಳು ಬಂದಿದ್ದಳು, ಸೊಂಟದ ಮೇಲೆ ಮಗು. ಪ್ರಾರ್ಥನೆ ನಡೆಯುವಷ್ಟು ಹೊತ್ತೂ ಅವಳ ಕಣ್ಣು ಚೀಲದ ಮೇಲೇ ಇತ್ತು. ಮುಗಿದ ಮೇಲೆ ‘ಆಮೆನ್’ ಅಂತ ಅವಳೂ ಅಂದಳು. ನನಗೆ ತುಂಬಾ ಸಂಕಟವಾಯಿತು. ಪಾಸ್ಟರ್‌ಗೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ಅಕ್ಕಿ ಚೀಲ ನಮ್ಮ ಕೈಯಲ್ಲಿ ಇಟ್ಟುಕೊಂಡು ಮಾಡಿಸಿದ್ದು ಪ್ರಾರ್ಥನೆಯೇ ಅಲ್ಲ’ ಅಂದರು. ಮುಂದಿನ ವಾರದಿಂದ ಪ್ರಾರ್ಥನೆ ಮೇಲಿನ ಅಂತಸ್ತಿಗೆ ಹೋಯಿತು. ಬೇಕಾದವರು ದಿನಸಿ ಪಡೆದ ಮೇಲೆ ಮೆಟ್ಟಿಲು ಹತ್ತಿ ಹೋಗುತ್ತಾರೆ. ಹೋಗುವವರು ಇದ್ದಾರೆ. ಆ ವಯಸ್ಸಾದ ಅಮ್ಮ ಈಗ ಅಲ್ಲೇ ಕೂರುತ್ತಾರೆ.

ಪಾಸ್ಟರ್ ಒಳ್ಳೆಯವರಾಗಿದ್ದರು, ಸರಿಹೋಯಿತು. ಎಲ್ಲ ಕಡೆ ಅಂಥವರೇ ಇರುತ್ತಾರೆ ಅನ್ನುವ ಖಾತ್ರಿ ಇಲ್ಲವಲ್ಲ. ಅದಕ್ಕೇ ನಿಯಮ ಬೇಕು. ಅಂಥ ಒಂದು ಒಳ್ಳೆಯ ನಿಯಮ ಇತ್ತು ಕೂಡ. 2010ರಲ್ಲಿ ಒಬಾಮಾ ಹೊರಡಿಸಿದ ಆದೇಶದ ಪ್ರಕಾರ, ಸರ್ಕಾರದ ದುಡ್ಡಿನಲ್ಲಿ ಸೇವೆ ಕೊಡುವ ಧಾರ್ಮಿಕ ಸಂಸ್ಥೆಗೆ ಬಂದವರಿಗೆ ಮುಜುಗರ ಅನ್ನಿಸಿದರೆ ಬೇರೆ ಸಂಸ್ಥೆಯ ದಾರಿ ತೋರಿಸಬೇಕಿತ್ತು. ಆ ಹಕ್ಕಿದೆ ಅಂತ ಅವರಿಗೆ ಮೊದಲೇ ಹೇಳಬೇಕಿತ್ತು. ಟ್ರಂಪ್ ಮೊದಲ ಅವಧಿಯಲ್ಲಿ ಇದನ್ನು ತೆಗೆದರು. ಧಾರ್ಮಿಕ ಸಂಸ್ಥೆಗಳಿಗೆ ಮಾತ್ರ ಈ ಹೊರೆ ಹಾಕುವುದು ಅನ್ಯಾಯ ಎನ್ನುವುದು ಕಾರಣ. 2024ರಲ್ಲಿ ಬೈಡೆನ್ ಸರ್ಕಾರ ಹಕ್ಕಿನ ಬಗ್ಗೆ ತಿಳಿಸುವ ನಿಯಮವನ್ನು ಮತ್ತೆ ತಂದಿತು. ಹಸಿದವಳ ಹಕ್ಕು ಚುನಾವಣೆಯಿಂದ ಚುನಾವಣೆಗೆ ಹೀಗೆ ಬಂದು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕಾಗದ ಕೈಗೆ ಕೊಡುವುದು, ಒಂದು ವಿಳಾಸ ಹೇಳುವುದು ಎಷ್ಟು ದೊಡ್ಡ ಹೊರೆ?

ಕೋರ್ಟುಗಳೂ ದಿಕ್ಕು ಬದಲಿಸಿವೆ. 2007ರಲ್ಲಿ ಬುಷ್ ಅವರ ಕಚೇರಿಯ ವಿರುದ್ಧದ ಕೇಸು ಸುಪ್ರೀಂ ಕೋರ್ಟಿಗೆ ಬಂದಾಗ, ಬರೀ ತೆರಿಗೆ ಕಟ್ಟುತ್ತೇನೆ ಅನ್ನುವ ಕಾರಣಕ್ಕೆ ನೀವು ಇದನ್ನು ಪ್ರಶ್ನಿಸುವಂತಿಲ್ಲ ಅಂತ 5-4ರಲ್ಲಿ ತೀರ್ಪಾಯಿತು. ಮ್ಯಾಡಿಸನ್‌ರ ಮೂರು ಪೆನ್ಸ್ ಕೊಟ್ಟವನಿಗೆ ಬಾಗಿಲು ಮುಚ್ಚಿತು. 2022ರ ಮೇಯ್ನ್ ರಾಜ್ಯದ ಪ್ರಕರಣದಲ್ಲಿ, ಖಾಸಗಿ ಶಾಲೆಗಳಿಗೆ ಫೀಸು ಕೊಡುವುದಾದರೆ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ ಅಂದಿತು. ಸರ್ಕಾರ ಕೊಡಬಹುದೇ ಅನ್ನುವುದು ಹಳೆಯ ಪ್ರಶ್ನೆ. ಕೊಡದೇ ಇರಬಹುದೇ ಅನ್ನುವುದು ಈಗಿನದ್ದು.

ಪಡೆಯುವವರ ಬಗ್ಗೆ ಇಷ್ಟು ಹೇಳಿದೆ. ಕೊಡುವವರ ಸ್ವಾತಂತ್ರ್ಯವೂ ಇದೆ. ಸರ್ಕಾರದ ದುಡ್ಡಿಗೆ ಒಗ್ಗಿಹೋದ ಸಂಸ್ಥೆಗೂ ಬೇಡ ಅನ್ನುವುದು ಕಷ್ಟ. ಅಮೆರಿಕದಲ್ಲಿ ನಿರಾಶ್ರಿತರಿಗೆ ಮನೆ, ಕೆಲಸ, ಶಾಲೆ ಹುಡುಕಿಕೊಡುವ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ಧಾರ್ಮಿಕ ಸಂಸ್ಥೆಗಳೇ: ಕ್ಯಾಥೊಲಿಕರು, ಲುಥೆರನ್ನರು, ಯಹೂದಿಗಳು, ಎಪಿಸ್ಕೋಪಲ್‌ನವರು. ಖರ್ಚಿನ ಬಹುಪಾಲು ಸರ್ಕಾರದ್ದು. 2025ರ ಜನವರಿಯಲ್ಲಿ ಟ್ರಂಪ್ ನಿರಾಶ್ರಿತರ ಬರುವಿಕೆಯನ್ನೇ ನಿಲ್ಲಿಸಿದರು, ಹಣವೂ ನಿಂತಿತು. ಕ್ಯಾಥೊಲಿಕ್ ಬಿಷಪ್ಪರ ಒಕ್ಕೂಟ ಸಿಬ್ಬಂದಿಯನ್ನು ಮನೆಗೆ ಕಳಿಸಬೇಕಾಯಿತು. ಏಪ್ರಿಲ್‌ನಲ್ಲಿ ಸರ್ಕಾರದ ಜೊತೆಗಿನ ಈ ಒಪ್ಪಂದವನ್ನು ಇನ್ನು ಮುಂದುವರಿಸುವುದಿಲ್ಲ ಅಂತ ಘೋಷಿಸಿತು. ದಶಕಗಳಿಂದ ನಡೆದು ಬಂದ ಕೆಲಸ ಒಂದು ಸಹಿಗೆ ಕುಸಿಯಿತು. ಅವರ ಭಕ್ತಿ ಕಡಿಮೆಯಾಗಿರಲಿಲ್ಲ. ಕೆಲಸ ನಿಂತಿದ್ದ ನೆಲ ಮಾತ್ರ ಅವರದಾಗಿರಲಿಲ್ಲ.

ಮೇ ತಿಂಗಳಲ್ಲಿ ಎಪಿಸ್ಕೋಪಲ್ ಚರ್ಚು ಇನ್ನೊಂದು ಬಗೆಯ ತೀರ್ಮಾನ ಮಾಡಿತು. ಉಳಿದ ನಿರಾಶ್ರಿತರಿಗೆಲ್ಲ ಬಾಗಿಲು ಮುಚ್ಚಿ, ದಕ್ಷಿಣ ಆಫ್ರಿಕದ ಬಿಳಿಯ ಆಫ್ರಿಕಾನರ್‌ಗಳನ್ನು ಮಾತ್ರ ಕರೆತಂದು ನೆಲೆಗೊಳಿಸಿ ಅಂತ ಸರ್ಕಾರ ಹೇಳಿತು. ಜನಾಂಗೀಯ ನ್ಯಾಯಕ್ಕಾಗಿ ನಿಂತ ನಮ್ಮ ಚರ್ಚಿನಿಂದ ಇದು ಆಗದು ಅಂತ ಅದರ ಮುಖ್ಯ ಬಿಷಪ್ ಶಾನ್ ರೋ ಪತ್ರ ಬರೆದು ಒಪ್ಪಂದ ಕೈಬಿಟ್ಟರು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ಬಿಷಪ್ ಡೆಸ್ಮಂಡ್ ಟುಟು ಅವರ ಆಂಗ್ಲಿಕನ್ ಪರಂಪರೆಗೇ ಸೇರಿದ ಚರ್ಚು ಅದು. 1811ರಲ್ಲಿ ಮ್ಯಾಡಿಸನ್ ವೀಟೋ ಮಾಡಿದ್ದು ಇದೇ ಪಂಥದ ಒಂದು ಚರ್ಚಿನ ಮಸೂದೆಯನ್ನು. ಈ ಸಲ ಬೇಡ ಅಂದದ್ದು ಚರ್ಚೇ. ಅದನ್ನು ಓದಿದ ದಿನ ನನಗೆ ಬಹಳ ಗೌರವ ಬಂತು. ಜೊತೆಗೆ ಬೇಸರವೂ ಆಯಿತು. ಬೇಡ ಅನ್ನುವ ಶಕ್ತಿ ಉಳಿಸಿಕೊಂಡ ಸಂಸ್ಥೆಗಳು ಎಷ್ಟಿವೆ?

ಇಷ್ಟೆಲ್ಲ ದೂರದ ಕತೆ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನು ಮಠದ ಅನ್ನ ತಿಂದು ಓದಿದವರ ಮಗಳು. ನಮ್ಮಪ್ಪ ಹಾಸನ ಕಡೆಯ ಒಂದು ಮಠದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿದರು. ಆ ಮುದ್ದೆ, ಸಾರು ಇಲ್ಲದಿದ್ದರೆ ಅವರು ಮೇಷ್ಟ್ರಾಗುತ್ತಿರಲಿಲ್ಲ, ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿರಲಿಲ್ಲ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ ಎಲ್ಲ ಜಾತಿ, ಎಲ್ಲ ಧರ್ಮದ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಸುತ್ತಲಿನ ರೈತರು ಗಾಡಿಯಲ್ಲಿ ರಾಗಿ, ತೆಂಗಿನಕಾಯಿ ತಂದು ಹಾಕಿ ದಾಸೋಹ ನಡೆಸಿದರು. 2019ರಲ್ಲಿ ಸ್ವಾಮೀಜಿ ತೀರಿಕೊಂಡ ದಿನ ನಮ್ಮಪ್ಪ ಊಟ ಮಾಡಲಿಲ್ಲ. ಧಾರ್ಮಿಕ ಸಂಸ್ಥೆಗಳ ಸೇವೆಯನ್ನು ಹಗುರ ಮಾಡಿ ಮಾತಾಡುವುದು ನನ್ನಿಂದ ಸಾಧ್ಯವೇ ಇಲ್ಲ.

ಒಮ್ಮೆ ಫೋನಿನಲ್ಲಿ ಅಪ್ಪನನ್ನು ಕೇಳಿದೆ: ‘ಹಾಸ್ಟೆಲಲ್ಲಿ ಬೇರೆ ಧರ್ಮದ ಹುಡುಗರೂ ಇದ್ರಲ್ಲ, ಅವರೂ ಬೆಳಗಿನ ಪೂಜೆಗೆ ಕೂರ್ತಿದ್ರಾ?’ ‘ಕೂರ್ತಿದ್ರು’ ಅಂದರು. ‘ಬೇಡ ಅಂದ್ರೆ ಬಿಡ್ತಿದ್ರಾ?’ ಅಪ್ಪ ಸ್ವಲ್ಪ ಯೋಚನೆ ಮಾಡಿ, ‘ಯಾರೂ ಬಲವಂತ ಮಾಡ್ತಿರ್ಲಿಲ್ಲ. ಆದ್ರೆ ಊಟ ಹಾಕಿದೋರು ಕರೆದಾಗ ಬರಲ್ಲ ಅನ್ನಕ್ಕಾಗುತ್ತೇನಮ್ಮ?’ ಅಂದರು. ಅವರು ಅದನ್ನು ದೂರಾಗಿ ಹೇಳಲಿಲ್ಲ. ಋಣದ ಮಾತಾಗಿ ಹೇಳಿದರು. ರೈತರು ಕೊಟ್ಟ ರಾಗಿಯಲ್ಲಿ ನಡೆಯುವ ದಾಸೋಹಕ್ಕೆ ಆ ಮಾತು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಅದು ಮಠದ ಮನೆ, ಮಠದ ಊಟ. ಸರ್ಕಾರದ ಹಣದಲ್ಲಿ ನಡೆಯುವ ಹಾಸ್ಟೆಲಿಗೆ ಅದೇ ಮಾತು ಒಪ್ಪುವುದಿಲ್ಲ. ಅಲ್ಲಿ ಊಟ ಹಾಕುತ್ತಿರುವವರು ಆ ಹುಡುಗನ ಅಪ್ಪ ಅಮ್ಮನೂ ಹೌದು. ಬೆಂಕಿಪೊಟ್ಟಣ ಕೊಂಡಾಗಲೂ ಅವರು ತೆರಿಗೆ ಕಟ್ಟಿದ್ದಾರೆ.

ನಮ್ಮ ಸಂವಿಧಾನ ಇದನ್ನು ಅಮೆರಿಕಕ್ಕಿಂತ ಬೇರೆ ರೀತಿ ಬರೆದುಕೊಂಡಿದೆ. ನಮ್ಮಲ್ಲಿ ಗೋಡೆ ಇಲ್ಲ. ಸರ್ಕಾರವೇ ಮುಜರಾಯಿ ಇಲಾಖೆ ಇಟ್ಟುಕೊಂಡು ದೇವಸ್ಥಾನಗಳ ಆಡಳಿತ ನೋಡುತ್ತದೆ. ಆದರೂ 27ನೇ ವಿಧಿ, ಯಾವುದೇ ಒಂದು ಧರ್ಮವನ್ನು ಬೆಳೆಸಲೆಂದೇ ತೆಗೆದಿಟ್ಟ ತೆರಿಗೆಯನ್ನು ಕಟ್ಟು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ ಅನ್ನುತ್ತದೆ. ನನಗೆ ಇನ್ನೂ ಇಷ್ಟವಾಗುವುದು 28ನೇ ವಿಧಿಯ ಮೂರನೇ ಭಾಗ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಪಾಠಕ್ಕೋ ಪೂಜೆಗೋ ಕೂರಿಸುವಂತಿಲ್ಲ. ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಒಪ್ಪಿಗೆ ಬೇಕು. ಅಯೋವಾದ ಕೈದಿಗಳು ವರ್ಷಗಟ್ಟಲೆ ಕೋರ್ಟು ಅಲೆದು ಪಡೆದದ್ದು ನಮ್ಮಲ್ಲಿ 1950ರಿಂದಲೇ ಸ್ಪಷ್ಟವಾಗಿ ಬರೆದಿದೆ. ಎಷ್ಟು ಶಾಲೆಗಳಲ್ಲಿ ಆ ಒಪ್ಪಿಗೆ ಕೇಳುತ್ತಾರೆ? ನನ್ನನ್ನಂತೂ ಯಾರೂ ಕೇಳಿರಲಿಲ್ಲ.

ಮಠಗಳಿಗೆ ಬಜೆಟ್ಟಿನಲ್ಲಿ ಹೆಸರು ಹಿಡಿದು ಹಣ ಕೊಡುವುದು 2008ರ ನಂತರ, ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಜೋರಾಯಿತು. ಆಮೇಲೂ ಅದು ನಿಂತಿಲ್ಲ. ಒಂದು ಸಮುದಾಯದ ಮಠಕ್ಕೆ ಕೊಟ್ಟರೆ ಇನ್ನೊಂದು ಸಮುದಾಯದವರು ಕೇಳುತ್ತಾರೆ, ಅವರಿಗೂ ಕೊಡುತ್ತಾರೆ. ‘ಎಲ್ಲರಿಗೂ ಕೊಡ್ತೀವಲ್ಲ, ತಾರತಮ್ಯ ಎಲ್ಲಿ ಬಂತು?’ ಅನ್ನುವುದು ಉತ್ತರ. ಪ್ಯಾಟ್ರಿಕ್ ಹೆನ್ರಿಯ ಮಸೂದೆಯ ವಾದವೂ ಇದೇ ಆಗಿತ್ತು. 2022ರ ಏಪ್ರಿಲ್‌ನಲ್ಲಿ ದಿಂಗಾಲೇಶ್ವರ ಸ್ವಾಮೀಜಿ, ಮಠಗಳಿಗೆ ಬರುವ ಅನುದಾನದಲ್ಲೂ ಶೇ 30ರಷ್ಟು ಕಮಿಷನ್ ಕೊಡಬೇಕಾಗಿದೆ ಅಂತ ಬಹಿರಂಗವಾಗಿ ಆರೋಪ ಮಾಡಿದರು. ಸಾಕ್ಷಿ ಕೊಡಿ ಅಂದಿತು ಆಗಿನ ಸರ್ಕಾರ. ಆರೋಪ ನಿಜವೋ ಸುಳ್ಳೋ, ಒಬ್ಬ ಮಠಾಧೀಶರ ಬಾಯಲ್ಲಿ ಅನುದಾನ, ಕಮಿಷನ್ ಎಂಬ ಮಾತು ಬರುವಷ್ಟು ದೂರ ನಾವು ಬಂದಿದ್ದೇವೆ. ಚುನಾವಣೆ ಬಂದಾಗ ಯಾವ ಪಕ್ಷದವರು ಯಾವ ಮಠದ ಮುಂದೆ ನಿಲ್ಲುತ್ತಾರೆ ಅಂತ ಎಲ್ಲರೂ ನೋಡುತ್ತಾರೆ. ಸರ್ಕಾರದ ಚೆಕ್ ಪಡೆದ ಮೇಲೆ ಆ ಸರ್ಕಾರದ ತಪ್ಪನ್ನು ಎತ್ತಿ ಆಡುವ ಗಂಟಲು ಎಷ್ಟು ಮಠಗಳಿಗೆ ಉಳಿದೀತು? ಅರಮನೆಯ ಹಂಗಿಲ್ಲದ ಗುರುಮನೆ ಅಂತ ಹೆಮ್ಮೆಪಡುತ್ತಿದ್ದ ನಾಡು ಇದು.

ಅಕ್ಷಯ ಪಾತ್ರದ ವಿಷಯವನ್ನೂ ಹೇಳಲೇಬೇಕು. ಬೆಂಗಳೂರಿನ ಇಸ್ಕಾನ್ ಬಳಗದವರು 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರಿಂದ ಶುರು ಮಾಡಿದರು. ಎಲ್ಲ ರಾಜ್ಯಗಳೂ ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರ್‌ನಲ್ಲಿ. ಅಂದರೆ ಇವರು ಆದೇಶಕ್ಕೂ ಮೊದಲೇ ಮಕ್ಕಳ ಹಸಿವು ಕಂಡವರು. ಇವತ್ತು ಸರ್ಕಾರದ ಅಕ್ಕಿ, ಸರ್ಕಾರದ ಅನುದಾನ, ಜೊತೆಗೆ ದಾನಿಗಳ ಹಣ ಸೇರಿ ಲಕ್ಷಾಂತರ ಮಕ್ಕಳಿಗೆ ಊಟ ಹೋಗುತ್ತದೆ. ಆ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ಸಾತ್ವಿಕ ಆಹಾರ ಎಂಬ ನಂಬಿಕೆ. 2018-19ರಲ್ಲಿ ಇದರ ಮೇಲೆ ದೊಡ್ಡ ಚರ್ಚೆಯಾಯಿತು. ಮಕ್ಕಳಿಗೆ ರುಚಿ ಹಿಡಿಸುತ್ತಿಲ್ಲ, ಪೂರ್ತಿ ತಿನ್ನುತ್ತಿಲ್ಲ ಅಂತ ಆಹಾರ ಹಕ್ಕಿನ ಕಾರ್ಯಕರ್ತರು ಹೇಳಿದರು. ಪೌಷ್ಟಿಕತೆಗೆ ಕೊರತೆ ಇಲ್ಲ ಅಂತ ಪರಿಣತ ಸಂಸ್ಥೆಗಳು ಅಭಿಪ್ರಾಯ ಕೊಟ್ಟವು.

ಚರ್ಚೆ ಪೌಷ್ಟಿಕಾಂಶದ ಲೆಕ್ಕದಲ್ಲೇ ಮುಗಿದದ್ದು ನನಗೆ ಬೇಸರ. ಬೆಳ್ಳುಳ್ಳಿ ಒಗ್ಗರಣೆಯ ಸಾರು ತಿಂದು ಬೆಳೆದ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಆ ಸಾರು ಯಾಕೆ ಸಿಗಬಾರದು? ಅದನ್ನು ತೀರ್ಮಾನ ಮಾಡಬೇಕಾದದ್ದು ಅಡುಗೆ ಮಾಡುವವರ ನಂಬಿಕೆಯೋ, ತಿನ್ನುವ ಮಗುವೋ? ತನ್ನ ದುಡ್ಡಿನಲ್ಲಿ ಪ್ರಸಾದ ಹಂಚುವ ದೇವಸ್ಥಾನಕ್ಕೆ ಯಾರೂ ಈರುಳ್ಳಿ ಹಾಕಿ ಅನ್ನುವುದಿಲ್ಲ, ಅನ್ನಬಾರದು. ಬಿಸಿಯೂಟ ಪ್ರಸಾದವಲ್ಲ. ಅದು ಮಗುವಿನ ಹಕ್ಕು ಅಂತ ಕೋರ್ಟೇ ಹೇಳಿದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಸ್ವಾಮೀಜಿಗಳು ವಿರೋಧಿಸಿದರು. ಆದರೆ ಅಲ್ಲಿ ತಿನ್ನದವರಿಗೆ ಬಾಳೆಹಣ್ಣು ಇತ್ತು. ಮೊಟ್ಟೆಯೋ ಬಾಳೆಹಣ್ಣೋ ಅಂತ ಮಗು ಹೇಳಬಹುದಿತ್ತು. ಅಷ್ಟೇ ನಾನು ಕೇಳುತ್ತಿರುವುದು.

ಮಠಗಳಿಗೆ, ಚರ್ಚುಗಳಿಗೆ, ವಕ್ಫ್ ಸಂಸ್ಥೆಗಳಿಗೆ ಸರ್ಕಾರ ಒಂದು ರೂಪಾಯಿಯನ್ನೂ ಕೊಡಬಾರದು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾಳೆ ಬೆಳಿಗ್ಗೆ ಎಷ್ಟೋ ಹಾಸ್ಟೆಲುಗಳ ಒಲೆ ಆರುತ್ತದೆ, ಅದರ ಬದಲು ಒಲೆ ಹಚ್ಚಲು ಸರ್ಕಾರ ತಯಾರಿಲ್ಲ. ಕಟ್ಟಡಕ್ಕೆ, ಕಲ್ಯಾಣ ಮಂಟಪಕ್ಕೆ, ಗೋಪುರಕ್ಕೆ ಕೊಡುವುದನ್ನು ನಿಲ್ಲಿಸಲಿ. ಮಗುವಿನ ಊಟಕ್ಕೆ, ಹಾಸಿಗೆಗೆ, ಪುಸ್ತಕಕ್ಕೆ ತಲೆಗಿಷ್ಟು ಅಂತ ಕೊಡಲಿ. ಎಷ್ಟು ಕೊಟ್ಟರು ಅನ್ನುವುದು ಪಂಚಾಯಿತಿ ಗೋಡೆಯ ಮೇಲೆ ಇರಲಿ. ಹಾಸ್ಟೆಲು ಸೇರುವ ದಿನವೇ, ‘ಪೂಜೆಗೆ, ಪ್ರಾರ್ಥನೆಗೆ ಕೂರುವುದು ಕಡ್ಡಾಯವಲ್ಲ, ಕೂರದಿದ್ದರೆ ನಿನ್ನ ಊಟಕ್ಕೆ, ಸೀಟಿಗೆ ಏನೂ ಆಗುವುದಿಲ್ಲ’ ಅಂತ ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಮಗುವಿನ ಕೈಗೂ ಅಪ್ಪ ಅಮ್ಮನ ಕೈಗೂ ಕೊಡಲಿ. 28ನೇ ವಿಧಿ ಇರುವಾಗ ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.

ಹೋದ ತಿಂಗಳು ಇದನ್ನೇ ಅಪ್ಪನಿಗೆ ಹೇಳಿದಾಗ ಅವರು ಪೂರ್ತಿ ಒಪ್ಪಲಿಲ್ಲ. ‘ಹಾಳೆ ಕೊಟ್ಟರೆ ಹುಡುಗರು ಬೆಳಿಗ್ಗೆ ಏಳೋದೇ ಇಲ್ಲ’ ಅಂದರು. ಏಳದಿದ್ದರೆ ಏಳದಿರಲಿ ಅಂದೆ. ಪೂಜೆಗೆ ಬಾರದ ಹುಡುಗನಿಗೂ ಅದೇ ಮುದ್ದೆ, ಅದೇ ಸಾರು ಬಡಿಸುವ ಮಠ ನನ್ನ ಕಣ್ಣಲ್ಲಿ ಇನ್ನೂ ದೊಡ್ಡದಾಗುತ್ತದೆ. ಈ ಮಾತು ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ.